ಬಕೀಟಿಗೆ ಬಿದ್ದ ಎರಡು ವೋಟು

ಹಿರೇತೋಟದ ಕಾಡಸಿದ್ದನಿಗೆ ಕೆಟ್ಟ ಚಟ ಅಂತ ಹೇಳಿಕೊಳ್ಳುವಂಥದ್ದು ಒಂದೂ ಇರಲಿಲ್ಲ. ತಂಬಾಕು ತಿನ್ನುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಇನ್ನೊಬ್ಬರ ಬದುವಿನ ಹುಲ್ಲು ಕೂಡ ಕೊಯ್ಯುತ್ತಿರಲಿಲ್ಲ. ಇದ್ದದ್ದು ಒಂದೇ ಚಟ, ಯಾರು ಏನು ಕೇಳಿದರೂ 'ಹೂಂ' ಅನ್ನುವುದು. ಹೋದ ವರ್ಷ ಒಂದೇ ದಿನ, ಒಂದೇ ಮುಹೂರ್ತಕ್ಕೆ ಚಿಕ್ಕೋಡಿಯಲ್ಲೊಂದು ಮದುವೆ, ಅಥಣಿಯಲ್ಲೊಂದು ಮದುವೆ ಬಿದ್ದವು. ಇಬ್ಬರು ಬೀಗರೂ ಬಂದು ಕರೆದರು, ಇಬ್ಬರಿಗೂ ಇವನು ಹೂಂ ಅಂದ. ಒಂದಕ್ಕೆ ಹೋದರೆ ಇನ್ನೊಬ್ಬರಿಗೆ ಬೇಜಾರು ಅಂತ ರಾಯಬಾಗದ ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನದವರೆಗೆ ಕೂತು, ಅಕ್ಷತೆಯ ಅಕ್ಕಿಕಾಳನ್ನು ಜೇಬಿನಲ್ಲೇ ಇಟ್ಟುಕೊಂಡು ಹಸಿದ ಹೊಟ್ಟೆಯಲ್ಲಿ ಮನೆಗೆ ಬಂದ. ಇಬ್ಬರೂ ಬೀಗರು ಸಮಸಮವಾಗಿ ಮಾತು ಬಿಟ್ಟರು.

ಇಂಥವನ ಬಾಳಿನಲ್ಲಿ ಚುನಾವಣೆ ಬರಬಾರದು. ಆದರೆ ಬಂತು. ಅಲಖನೂರಿನ ಆಚೆಗೆ, ಕಬ್ಬಿನ ಗದ್ದೆಗಳ ನಡುವೆ ಇರುವ ಹಿರೇತೋಟದ ಪಂಚಾಯಿತಿ ಮೆಂಬರು ತೀರಿಕೊಂಡು, ಆ ಒಂದು ಸ್ಥಾನಕ್ಕೆ ಉಪಚುನಾವಣೆ ಬಂತು. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷಗಳಿಲ್ಲ ಅಂತ ಸರ್ಕಾರ ಹೇಳುತ್ತದೆ. ಅದು ಸರ್ಕಾರಕ್ಕೆ ಗೊತ್ತಿದೆ, ಹಿರೇತೋಟಕ್ಕೆ ಗೊತ್ತಿಲ್ಲ. ಅಲ್ಲಿ ಹುಟ್ಟಿದ ಕೂಸು ಕೂಡ ಒಂದು ಪಕ್ಷದ್ದಾಗಿರುತ್ತದೆ, ಇಲ್ಲವೆ ಇನ್ನೊಂದರದ್ದು.

ಒಂದು ಪಕ್ಷದಿಂದ ದುಂಡೇಶ ನಿಂತ. ಗುರುತು ಟ್ರ್ಯಾಕ್ಟರ್. ಅವನ ಬೋರಿನ ನೀರು ಪೈಪಿನಲ್ಲಿ ಹರಿದು ಬಂದರೇನೇ ಕಾಡಸಿದ್ದನ ಅರ್ಧ ಎಕರೆ ಕಬ್ಬಿಗೆ ಜೀವ. ಇನ್ನೊಂದು ಪಕ್ಷದಿಂದ ಶಾಂತಿನಾಥ ನಿಂತ. ಗುರುತು ಛತ್ರಿ. ಊರ ಹಾಲಿನ ಡೇರಿ ಅವನ ಕೈಯಲ್ಲಿತ್ತು. ಕಾಡಸಿದ್ದನ ಎಮ್ಮೆಯ ಹಾಲು ಎರಡು ಹೊತ್ತೂ ಅಲ್ಲಿಗೇ ಹೋಗಬೇಕು. ಅಂದರೆ ಕಾಡಸಿದ್ದನ ನೀರು ಒಬ್ಬನ ಕೈಯಲ್ಲಿ, ಹಾಲು ಇನ್ನೊಬ್ಬನ ಕೈಯಲ್ಲಿ. ಯಾವ ಕಡೆ ಮುನಿಸಾದರೂ ಅವನ ಒಲೆಯ ಮೇಲಿನ ಗಡಿಗೆ ಅಲುಗುತ್ತಿತ್ತು.

ಹಿರೇತೋಟದಲ್ಲಿ ವೋಟು ಕೇಳುವುದಕ್ಕೆ ಒಂದು ಪದ್ಧತಿ ಇದೆ. ಕರಪತ್ರ, ಭಾಷಣ ಇವೆಲ್ಲ ಪಟ್ಟಣದ ಸೋಗು. ಇಲ್ಲಿ ಹಿತ್ತಾಳೆ ತಾಟಿನಲ್ಲಿ ಬೀರದೇವರ ಭಂಡಾರ ಹಿಡಿದುಕೊಂಡು ಮನೆಮನೆಗೆ ಬರುತ್ತಾರೆ. ಮನೆಯ ಯಜಮಾನ ಆ ಅರಿಷಿಣದ ಪುಡಿ ಮುಟ್ಟಿ, ಹಣೆಗೆ ಹಚ್ಚಿಕೊಂಡು, ನಿಮಗೇ ಹಾಕುತ್ತೇನೆ ಅಂದರೆ ಮುಗಿಯಿತು, ಆ ಮನೆಯ ವೋಟೆಲ್ಲ ಪಟ್ಟಿಗೆ ಏರಿದ ಹಾಗೆ. ದುಂಡೇಶ ಎಲ್ಲರಿಗಿಂತ ಮೊದಲೇ ಹೊರಟ. ನಾಮಪತ್ರ ತುಂಬುವುದಕ್ಕೂ ಮುಂಚೆ ತನ್ನ ಸೋದರತ್ತೆ ತುಳಸವ್ವನ ಮನೆಯಿಂದಲೇ ಶುಭಾರಂಭ ಮಾಡಿ, ಅಲ್ಲಿಂದ ಓಣಿ ಓಣಿ ಮುಗಿಸುತ್ತ ಬಂದ. ಶಾಂತಿನಾಥ ಜೈನರವನು. ಅವನ ದೇವರು ಬೇರೆ. ಆದರೆ ವೋಟು ಹಾಕುವವರ ದೇವರು ಯಾರು ಅನ್ನುವುದು ಅವನಿಗೂ ತಿಳಿದಿತ್ತು. ಅವನೂ ಭಂಡಾರದ ತಾಟು ಹಿಡಿದೇ ಬಂದ.

ತಾಟು ಮಾತ್ರ ಒಂದೇ. ಗುಡಿಯಲ್ಲಿ ಇದ್ದದ್ದೇ ಒಂದು. ಪೂಜಾರಿ ಅದನ್ನು ಬೆಳಿಗ್ಗೆ ಹೊತ್ತು ದುಂಡೇಶನಿಗೆ, ಸಂಜೆ ಹೊತ್ತು ಶಾಂತಿನಾಥನಿಗೆ ಕೊಡುತ್ತಿದ್ದ. ಹೀಗಾಗಿ ಕಾಡಸಿದ್ದ ಒಂದು ಗುರುವಾರ ಬೆಳಿಗ್ಗೆ ಆ ತಾಟು ಮುಟ್ಟಿ ದುಂಡೇಶನಿಗೆ ಹೂಂ ಅಂದ. ಅದೇ ಗುರುವಾರ ಸಂಜೆ ಅದೇ ತಾಟು, ಅದೇ ಭಂಡಾರ ಮುಟ್ಟಿ ಶಾಂತಿನಾಥನಿಗೆ ಹೂಂ ಅಂದ. ಬೆಳಗಿನ ಅರಿಷಿಣ ಇನ್ನೂ ಹಣೆಯ ಮೇಲೆ ಒಣಗಿ ನಿಂತಿತ್ತು. ಶಾಂತಿನಾಥ ಅದನ್ನು ನೋಡಿಯೂ ನೋಡದ ಹಾಗೆ ಮಾಡಿದ. ರಾಜಕೀಯದಲ್ಲಿ ಇರುವವರಿಗೆ ಇಷ್ಟು ಕಣ್ಣುಬೇನೆ ಇರಲೇಬೇಕು.

ಇಷ್ಟಕ್ಕೇ ಮುಗಿದಿದ್ದರೆ ಕಥೆ ಎರಡು ದೋಣಿಯ ಮೇಲೆ ಕಾಲಿಟ್ಟವನ ಕಥೆಯಾಗುತ್ತಿತ್ತು. ಆದರೆ ನಾಮಪತ್ರದ ಕೊನೆಯ ದಿನ ಮೂರನೆಯವನೊಬ್ಬ ಹುಟ್ಟಿಕೊಂಡ. ಅವನು ವಿರುಪಾಕ್ಷಪ್ಪ, ತುಳಸವ್ವನ ಗಂಡ. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ನಿವೃತ್ತನಾದವನು. ಊರೆಲ್ಲ ಡಾಕ್ಟರ್ ಸಾಹೇಬ್ರು ಅಂತಲೇ ಕರೆಯುತ್ತಿತ್ತು. ದನಗಳಿಗೆ ಸೂಜಿ ಹಾಕುವಾಗ ಅವುಗಳನ್ನು ನಿಲ್ಲಿಸುವುದಕ್ಕೆ ಒಂದು ಕಬ್ಬಿಣದ ಚೌಕಟ್ಟು ಬೇಕು ಅಂತ ಈ ಮನುಷ್ಯ ಏಳು ಸಲ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದ. ಎಂಟನೆಯ ಸಲ ಹೋದಾಗ ಅಲ್ಲಿನ ಗುಮಾಸ್ತ, ಮೆಂಬರು ಬರೆದುಕೊಟ್ಟರೆ ಮಾತ್ರ ಠರಾವಿನಲ್ಲಿ ಬರುತ್ತದೆ, ನಿಮ್ಮ ವಾರ್ಡಿಗೆ ಸದ್ಯ ಮೆಂಬರೇ ಇಲ್ಲವಲ್ಲ ಅಂದ. ಹಾಗಾದರೆ ಮೆಂಬರಾಗಲು ಏನು ಮಾಡಬೇಕು ಅಂತ ವಿರುಪಾಕ್ಷಪ್ಪ ಕೇಳಿದ. ಗುಮಾಸ್ತ ಚೇಷ್ಟೆಗೆ ನಾಮಪತ್ರದ ಹಾಳೆ ಮುಂದೆ ತಳ್ಳಿದ. ಚೌಕಟ್ಟು ಕೇಳಲು ಹೋದವನು ಅಭ್ಯರ್ಥಿಯಾಗಿ ತಿರುಗಿ ಬಂದ. ಗುರುತು ಬಕೀಟು.

ಅವನು ಭಂಡಾರ ಹಿಡಿದು ಬರಲಿಲ್ಲ. ಹಳೆಯ ಸ್ಕೂಟರ್ ಮೇಲೆ ಒಬ್ಬನೇ ಬಂದು, ಕಾಡಸಿದ್ದನ ಗೋದಲಿಯ ಮುಂದೆ ನಿಂತು, ಎಮ್ಮೆಯ ಕಣ್ಣುರೆಪ್ಪೆ ಎತ್ತಿ ನೋಡಿ, ಮೇವಿಗೆ ಸ್ವಲ್ಪ ಉಪ್ಪು ಹಾಕು ಅಂದ. ಹೊರಡುವಾಗ ಮಾತ್ರ, ನಾನೂ ನಿಂತಿದ್ದೇನೆ, ಮನಸ್ಸಿಗೆ ಬಂದರೆ ನೋಡು ಅಂದ. ಎರಡು ವರ್ಷದ ಹಿಂದೆ ಈ ಎಮ್ಮೆಗೆ ಕರು ಅಡ್ಡ ಸಿಕ್ಕಿಕೊಂಡಾಗ, ರಾಯಬಾಗದ ದೊಡ್ಡ ಡಾಕ್ಟರು ಇದು ಉಳಿಯುವುದಿಲ್ಲ ಅಂತ ಫೋನಿನಲ್ಲೇ ಕೈಬಿಟ್ಟಾಗ, ಇದೇ ವಿರುಪಾಕ್ಷಪ್ಪ ಬೆಳಗಿನಿಂದ ಮಧ್ಯಾಹ್ನದವರೆಗೆ ಮೊಳಕೈ ಮಟ್ಟ ಕೈ ಹಾಕಿ ಎರಡೂ ಜೀವ ಉಳಿಸಿದ್ದ. ಕಾಡಸಿದ್ದನ ಬಾಯಿಂದ ಮೂರನೆಯ ಹೂಂ ಕೂಡ ಬಂತು.

ಅವನ ಹೆಂಡತಿ ಗಂಗಾ ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. ಸ್ಕೂಟರಿನ ಸದ್ದು ಮರೆಯಾದ ಮೇಲೆ ಹೊರಗೆ ಬಂದು ಗಂಡನನ್ನು ತರಾಟೆಗೆ ತೆಗೆದುಕೊಂಡಳು.

"ಮೂರೂ ಮಂದಿಗೆ ಹೂಂ ಅಂದ್ರಿ. ನಾಕನೇದಾಂವ ಯಾಂವರ ಅದಾನೇನು, ಅವಂಗೂ ಹೇಳಿ ಬರ್ರಿ."

"ಡಾಕ್ಟರ್ ಸಾಹೇಬ್ರಿಗೆ ಹೆಂಗ್ ಇಲ್ಲ ಅನ್ಲಿ?" ಅಂದ ಕಾಡಸಿದ್ದ.

"ಅನಬ್ಯಾಡ್ರಿ. ಆದ್ರ ಅವ್ರಿಗೆ ಹಾಕೂದಂದ್ರ ಹೊಳ್ಯಾಗ ಹುಣಸಿಹಣ್ಣ ತೊಳದಂಗ. ಅವ್ರು ಗೆಲ್ಲಂಗಿಲ್ಲ, ನಮಗ ನೀರೂ ಇಲ್ಲ, ಹಾಲೂ ಇಲ್ಲ."

ಊರ ಚಹಾದ ಅಂಗಡಿಯಲ್ಲೂ ಇದೇ ಮಾತು. ಗೆಲ್ಲದವನಿಗೆ ವೋಟು ಹಾಕುವುದು ಪುಣ್ಯವೋ ದಂಡವೋ ಅಂತ ದಿನಾ ಎರಡು ಕೆಟಲು ಚಹಾ ಖಾಲಿಯಾಗುತ್ತಿತ್ತು. ವಿರುಪಾಕ್ಷಪ್ಪ ದೇವರಂಥವನು ಅಂತ ಎಲ್ಲರೂ ಒಪ್ಪುತ್ತಿದ್ದರು. ದೇವರಂಥವರಿಗೆ ಕೈ ಮುಗಿಯಬೇಕು, ವೋಟು ಹಾಕಬಾರದು ಅಂತಲೂ ಒಪ್ಪುತ್ತಿದ್ದರು. ರಾಯಬಾಗ–ಚಿಕ್ಕೋಡಿ ಬಸ್ಸಿನ ಕಂಡಕ್ಟರ್ ನಾಮದೇವ ಮಾತ್ರ ಬೇರೆ ರಾಗ ಹಾಡುತ್ತಿದ್ದ. ಬಸ್ಸು ತುಂಬಲಿ ಬಿಡಲಿ, ಹತ್ತಿದವನ ಟಿಕೀಟು ಟಿಕೀಟೇ, ಲೆಕ್ಕದಲ್ಲಿ ಬಂದೇ ಬರುತ್ತದೆ ಅನ್ನುತ್ತಿದ್ದ. ಖಾಲಿ ಬಸ್ಸಿನಲ್ಲಿ ಯಾರು ಹತ್ತುತ್ತಾರೆ ಅಂತ ಉಳಿದವರು ಅವನ ಬಾಯಿ ಮುಚ್ಚಿಸುತ್ತಿದ್ದರು.

ಕಾಡಸಿದ್ದನ ಚಿಂತೆ ಅದಲ್ಲ. ಗೆಲ್ಲುವುದು ಸೋಲುವುದು ದೊಡ್ಡವರ ಮಾತು. ಅವನನ್ನು ತಿನ್ನುತ್ತಿದ್ದದ್ದು ಭಂಡಾರ. ಟ್ರ್ಯಾಕ್ಟರಿಗೆ ಒತ್ತಿದರೆ ಛತ್ರಿಯ ಆಣೆ ಮುರಿಯುತ್ತದೆ, ಛತ್ರಿಗೆ ಒತ್ತಿದರೆ ಟ್ರ್ಯಾಕ್ಟರಿನ ಆಣೆ ಮುರಿಯುತ್ತದೆ, ಎರಡೂ ಆಣೆ ಒಬ್ಬನೇ ಬೀರದೇವರ ಮೇಲೆ. ಮತದಾನದ ಹಿಂದಿನ ದಿನ ಪೂಜಾರಿಯ ಹತ್ತಿರ ಹೋಗಿ, ತನ್ನ ಹೆಸರು ಹೇಳದೆ, ಹಿಂಗೊಬ್ಬ ಇಬ್ಬರಿಗೂ ಭಂಡಾರ ಮುಟ್ಟಿದ್ದಾನೆ, ಅವನ ಗತಿ ಏನು ಅಂತ ಕೇಳಿದ. ಪೂಜಾರಿ, ತಾಟಿನ ವಿಷಯ ಬಯಲಾಯಿತೇನೋ ಅಂತ ಹೆದರಿ, ಬಾಯಿಗೆ ಬಂದದ್ದನ್ನು ಗಂಭೀರವಾಗಿ ಹೇಳಿದ.

"ದ್ಯಾವರಿಗೆ ಎಲ್ಲಾರೂ ಒಂದ. ಭೇದ ಮಾಡಬಾರ್ದು ನೋಡಪಾ."

ಕಾಡಸಿದ್ದನಿಗೆ ತಲೆಯೊಳಗೆ ದೀಪ ಹತ್ತಿತು. ಭೇದ ಮಾಡಬಾರದು! ಇಬ್ಬರಲ್ಲಿ ಒಬ್ಬನಿಗೆ ಹಾಕಿದರೆ ಭೇದ. ಇಬ್ಬರಿಗೂ ಹಾಕದೆ ಬಿಟ್ಟರೆ ಭೇದವೇ ಇಲ್ಲ. ಮದುವೆಗಳ ದಿನ ಬಸ್ ಸ್ಟ್ಯಾಂಡಿನಲ್ಲಿ ಕೂತು ಕಲಿತ ಪಾಠ ಇದೇ ತಾನೆ.

ಮರುದಿನ ಶಾಲೆಯ ಕೋಣೆಯಲ್ಲಿ, ರಟ್ಟಿನ ಮರೆಯ ಹಿಂದೆ, ಮತಪತ್ರ ಹರಡಿಕೊಂಡು ನಿಂತ. ಮೇಲೆ ಟ್ರ್ಯಾಕ್ಟರ್, ನಡುವೆ ಛತ್ರಿ, ಕೆಳಗೆ ಬಕೀಟು. ಟ್ರ್ಯಾಕ್ಟರ್ ನೋಡಿದರೆ ನೀರು ಕಂಡಿತು, ಛತ್ರಿ ನೋಡಿದರೆ ಹಾಲು ಕಂಡಿತು. ಬಕೀಟು ನೋಡಿದಾಗ ಅವನಿಗೆ ಇನ್ನೊಂದು ಸತ್ಯ ಹೊಳೆಯಿತು. ನೀರಾಗಲಿ ಹಾಲಾಗಲಿ, ಕೊನೆಗೆ ಬಂದು ಬೀಳುವುದು ಬಕೀಟಿನಲ್ಲಿಯೇ. ಅಷ್ಟರಲ್ಲಿ ಹೊರಗಿನಿಂದ ಅಧಿಕಾರಿ, ಯಜಮಾನ್ರ ಒಳಗ ನಿದ್ದಿ ಹತ್ತಿತೇನ್ರಿ ಅಂತ ಕೂಗಿದರು. ಕಾಡಸಿದ್ದ ಬೀರದೇವರನ್ನು ನೆನೆದು ಬಕೀಟಿನ ಮೇಲೆ ಮೊಹರು ಒತ್ತಿದ. ಹೊರಗೆ ಬಂದವನಿಗೆ ಟ್ರ್ಯಾಕ್ಟರಿನವರೂ ಕೈ ಮುಗಿದರು, ಛತ್ರಿಯವರೂ ಕೈ ಮುಗಿದರು, ಇವನು ಇಬ್ಬರಿಗೂ ತಲೆ ಅಲ್ಲಾಡಿಸಿ ಹೂಂ ಅಂದ. ಬಕೀಟಿನವರು ಅಂತ ಯಾರೂ ಅಲ್ಲಿ ಇರಲಿಲ್ಲ.

ರಾಯಬಾಗದಲ್ಲಿ ಎಣಿಕೆ ನಡೆದ ದಿನ ಸುದ್ದಿ ತಂದವನು ನಾಮದೇವ. ಬಸ್ಸು ನಿಲ್ಲುವ ಮೊದಲೇ ಬಾಗಿಲಲ್ಲಿ ನೇತಾಡುತ್ತ ಹೇಳಿದ. ದುಂಡೇಶನಿಗೆ ಇನ್ನೂರಾ ಆರು. ಶಾಂತಿನಾಥನಿಗೆ ಇನ್ನೂರಾ ಆರು. ವಿರುಪಾಕ್ಷಪ್ಪನಿಗೆ ಎರಡು.

ಮೂರು ಸಲ ಎಣಿಸಿದರೂ ಅಷ್ಟೇ. ಕೊನೆಗೆ ಅಧಿಕಾರಿಗಳು ಎರಡು ಚೀಟಿ ಬರೆದು, ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಕುಲುಕಿ ಒಂದನ್ನು ಎತ್ತಿದರು. ಶಾಂತಿನಾಥನ ಹೆಸರು ಬಂತು. ಛತ್ರಿಯವರು ಗುಲಾಲು ಎರಚಿಕೊಂಡು ಊರಿಗೆ ಬಂದರು. ದುಂಡೇಶ ತಂದಿಟ್ಟುಕೊಂಡಿದ್ದ ಗುಲಾಲಿನ ಚೀಲ ಟ್ರ್ಯಾಕ್ಟರಿನಲ್ಲೇ ಉಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇಷ್ಟು ದಿನ ಯಾರ ಲೆಕ್ಕದಲ್ಲೂ ಇಲ್ಲದ ಬಕೀಟು ಈಗ ಊರಿನ ಬಾಯಲ್ಲೆಲ್ಲ ಬಂತು. ಎರಡೇ ವೋಟು! ಅದರಲ್ಲಿ ಒಂದು ವಿರುಪಾಕ್ಷಪ್ಪನದು, ತನ್ನ ವೋಟು ತಾನು ಹಾಕಿಕೊಳ್ಳದೆ ಇರುತ್ತಾನೆಯೆ? ಹಾಗಾದರೆ ಇನ್ನೊಂದು ಯಾರದು? ಅದೊಂದು ಈ ಕಡೆ ಬಿದ್ದಿದ್ದರೆ ಚೀಟಿ ಎತ್ತುವ ಪ್ರಸಂಗವೇ ಇರಲಿಲ್ಲ. ಊರು ಹೆಚ್ಚು ಹೊತ್ತು ತಲೆ ಕೆಡಿಸಿಕೊಳ್ಳಲಿಲ್ಲ. ಗಂಡನಿಗೆ ಹೆಂಡತಿಯಲ್ಲದೆ ಮತ್ತ್ಯಾರು ಹಾಕುತ್ತಾರೆ? ತುಳಸವ್ವನೇ ಅಂತ ಚಹಾದ ಅಂಗಡಿಯಲ್ಲಿ ತೀರ್ಪಾಯಿತು.

ದುಂಡೇಶ ನೇರವಾಗಿ ಸೋದರತ್ತೆಯ ಮನೆ ಬಾಗಿಲಿಗೆ ಹೋದ. ತಲೆಯ ಮೇಲೆ ಮೇವಿನ ಹೊರೆ ಹೊತ್ತು ಅದೇ ದಾರಿಯಲ್ಲಿ ಬರುತ್ತಿದ್ದ ಕಾಡಸಿದ್ದ, ಅವನ ಗಂಟಲು ಕೇಳಿ ಗೋಡೆಗೆ ಒತ್ತಿ ನಿಂತ. ಆ ದಿನ ವಿರುಪಾಕ್ಷಪ್ಪ ರಾಯಬಾಗದಿಂದ ಪೇಢೆಯ ಡಬ್ಬಿ, ಒಂದು ಮೊಳ ಮಲ್ಲಿಗೆ ತಂದಿದ್ದ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವನು ಹೆಂಡತಿಗೆ ತಂದ ಮೊದಲ ಹೂವು ಅದು. ಸೋತ ಮನುಷ್ಯ ಒಳಗೆ ಕೂತು ಗೆದ್ದವರ ಹಾಗೆ ಗುನುಗುತ್ತಿದ್ದ. ತುರುಬಿನಲ್ಲಿ ಆ ಹೂವು ಮುಡಿದು ಬಾಗಿಲಿಗೆ ಬಂದ ತುಳಸವ್ವ, ನಿನಗೇ ಹಾಕಿದ್ದೇನೋ ಅಂತ ಗಂಡನಿಗೆ ಕೇಳದ ಹಾಗೆ ಪಿಸುಗುಟ್ಟಿದಳು. ಆ ಪಿಸುಮಾತು ದುಂಡೇಶನಿಗೂ ಕೇಳಲಿಲ್ಲ, ಕೇಳಿದರೂ ನಂಬುವ ಸ್ಥಿತಿಯಲ್ಲಿ ಅವನಿರಲಿಲ್ಲ.

"ಭಂಡಾರ ಮುಟ್ಟಿ ನನ್ನ ಕುತಗಿ ಕೊಯ್ದಿ, ಅತ್ತಿ. ಈ ಸಲ ಪಂಚಮಿಗೆ ಕರಿಯಾಕ ಯಾರೂ ಬರಂಗಿಲ್ಲ. ತವರ ಮರತಬಿಡು."

ತುಳಸವ್ವನಿಗೆ ಅರವತ್ತು ದಾಟಿತ್ತು. ಮದುವೆಯಾದಾಗಿನಿಂದ ಒಂದು ಪಂಚಮಿಯೂ ಅವಳು ತವರಿನ ಜೋಕಾಲಿ ತಪ್ಪಿಸಿದವಳಲ್ಲ. ಮೊಣಕಾಲು ನೋವು ಬಂದ ಮೇಲೆ ಜೀಕುತ್ತಿರಲಿಲ್ಲ, ಸುಮ್ಮನೆ ಕೂತು ಹಗ್ಗ ಹಿಡಿದುಕೊಂಡು ಬರುತ್ತಿದ್ದಳು. ಅಳಿಯ ಹೋದ ಮೇಲೆ ಅವಳು ಹೊಸ್ತಿಲ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಒಳಗೆ ಗಂಡ, ಪೇಢೆ ತಿನ್ನಬಾರೇ ಅಂತ ಕರೆಯುತ್ತಿದ್ದ.

ಕಾಡಸಿದ್ದನ ತಲೆಯ ಮೇಲಿನ ಹೊರೆ ಅವತ್ತು ಮನೆಗೆ ಹೋದ ಮೇಲೂ ಇಳಿಯಲಿಲ್ಲ. ಸುಮ್ಮನಿದ್ದರೆ ನೀರೂ ಉಳಿಯುತ್ತದೆ, ಹಾಲೂ ಉಳಿಯುತ್ತದೆ. ಬಾಯಿ ಬಿಟ್ಟರೆ ಎರಡೂ ಹೋಗುತ್ತವೆ. ಆದರೆ ತನ್ನ ವೋಟಿನ ಪಾಪ ಆ ಮುದುಕಿಯ ತಲೆಗೆ ಹತ್ತಿತ್ತು. ಮೂರು ದಿನ ಅನ್ನ ಸೇರಲಿಲ್ಲ. ಗಂಗಾ ಕೂಡ ಅದೇಕೋ ಮಾತು ಕಡಿಮೆ ಮಾಡಿದ್ದಳು, ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಅವನು ಅದನ್ನೂ ಹೂಂ ಅಂದು ಉಂಡ.

ಭಾನುವಾರ ದುಂಡೇಶ ಬೀರದೇವರ ಗುಡಿಯ ಮುಂದೆ ಊರು ಕೂಡಿಸಿದ. ಅತ್ತೆ ಮತ್ತೊಮ್ಮೆ ಭಂಡಾರ ಎತ್ತಿ, ಗಂಡನಿಗೆ ಹಾಕಿಲ್ಲ ಅಂತ ಎಲ್ಲರೆದುರು ಹೇಳಲಿ, ನಾನು ಕಾಲು ಹಿಡಿಯುತ್ತೇನೆ ಅಂತ ಅವನ ಹಟ. ಇಡೀ ವಾರ್ಡು ನೆರೆದಿತ್ತು. ಇಂಥ ಮನರಂಜನೆಗೆ ಹಿರೇತೋಟದಲ್ಲಿ ಯಾರೂ ಗೈರುಹಾಜರಿ ಹಾಕುವುದಿಲ್ಲ. ಶಾಂತಿನಾಥ ಹೊಸ ಮೆಂಬರಿನ ಠೀವಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಅದೇ ಹಿತ್ತಾಳೆ ತಾಟು ಹೊರಗೆ ಬಂತು. ತುಳಸವ್ವ ಎದ್ದು ನಿಂತಳು. ಎದುರಿಗೆ ಅಳಿಯ, ಪಕ್ಕದಲ್ಲಿ ಗಂಡ. ಹಾಕಿಲ್ಲ ಅಂದರೆ ಆ ಮನುಷ್ಯನ ಮಲ್ಲಿಗೆ ಬಾಡಿತು, ಸುಮ್ಮನಿದ್ದರೆ ತವರು ಹೋಯಿತು. ಭಂಡಾರದತ್ತ ಚಾಚಿದ ಕೈಯನ್ನು ಅವಳು ಮುಟ್ಟದೆ ಹಿಂದಕ್ಕೆಳೆದು ಸೆರಗಿಗೆ ಒರೆಸಿಕೊಂಡಳು.

ಕಾಡಸಿದ್ದ ಎದ್ದ. ಏಳಬೇಕೆಂದು ಅವನು ತೀರ್ಮಾನ ಮಾಡಿರಲಿಲ್ಲ, ಕಾಲುಗಳು ಅವನನ್ನು ಕೇಳದೆ ಎದ್ದವು. ಅದೇ ಹೊತ್ತಿಗೆ ಹೆಂಗಸರ ನಡುವಿನಿಂದ ಗಂಗಾ ಕೂಡ ಎದ್ದಳು. ತನ್ನನ್ನು ಕೂರಿಸಲಿಕ್ಕೆ ಎದ್ದಳು ಅಂತ ತಿಳಿದು, ಅವಳು ಬಾಯಿ ತೆರೆಯುವ ಮೊದಲೇ ಇವನು ಮಾತಾಡಿಬಿಟ್ಟ.

"ತುಳಸವ್ವಕ್ಕನ್ನ ಬಿಡ್ರಿ. ಬಕೀಟಿಗೆ ಹಾಕಿದಾಂವ ನಾ."

ಗಂಗಾ ನಿಂತಲ್ಲೇ ನಿಂತಳು, ಆಮೇಲೆ ಮೆಲ್ಲಗೆ ಕೂತಳು. ಕಾಡಸಿದ್ದನ ಮೇಲೆ ಯಾರಿಗೂ ಅನುಮಾನ ಬಂದಿರಲೇ ಇಲ್ಲ. ಅವನಿಗೆ ಸ್ವಂತದ್ದೊಂದು ಅಭಿಪ್ರಾಯ ಇರಬಹುದು ಅನ್ನುವುದೇ ಊರಿಗೆ ಹೊಸ ಸುದ್ದಿ. ನನಗೆ ಭಂಡಾರ ಮುಟ್ಟಿದ್ದೆಯಲ್ಲ ಅಂತ ದುಂಡೇಶ ಕೇಳಿದ. ನನಗೂ ಮುಟ್ಟಿದ್ದೆಯಲ್ಲ ಅಂತ ಶಾಂತಿನಾಥ ಕುರ್ಚಿಯಿಂದ ಎದ್ದ.

"ಇಬ್ಬರಿಗೂ ಮುಟ್ಟಿದ್ನಿರಿ. ಅದಕ್ಕ ಇಬ್ಬರಿಗೂ ಹಾಕಲಿಲ್ಲ. ಭೇದ ಮಾಡಬಾರ್ದು ಅಂದ್ರಲ್ರಿ ಪೂಜಾರಿ ಮಾವ."

ಪೂಜಾರಿ ದೀಪಕ್ಕೆ ಎಣ್ಣೆ ಹಾಕುವ ನೆಪದಲ್ಲಿ ಗರ್ಭಗುಡಿಯೊಳಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ. ಊರಿಗೆ ಊರೇ ಕಾಡಸಿದ್ದನ ಮೇಲೆ ತಿರುಗಿ ಬಿತ್ತು. ಒಂದೇ ತಾಟು ಮುಟ್ಟಿ ಇಬ್ಬರಿಗೆ ಮಾತು ಕೊಡುವುದೆಂದರೇನು, ಕಲಿಗಾಲ ಅಂದರೆ ಇದೇ, ಇಂಥವರಿಂದಲೇ ಮಳೆ ಹೋಯಿತು ಅಂತ ಹಿರಿಯರು ಕಿರಿಯರು ಒಂದೇ ಗಂಟಲಿನಲ್ಲಿ ನ್ಯಾಯ ಹೇಳಿದರು. ಧರ್ಮದ ಮೇಲೆ ಅಷ್ಟು ಭಕ್ತಿ ಹಿರೇತೋಟದಲ್ಲಿ ಹಿಂದೆಂದೂ ಕಂಡಿರಲಿಲ್ಲ.

ಆಗ ನಾಮದೇವ ಎದ್ದು ಒಂದು ಸಣ್ಣ ಮಾತು ಕೇಳಿದ. ಭಂಡಾರ ಮುಟ್ಟಿದವರ ಪಟ್ಟಿ ಇಬ್ಬರ ಹತ್ತಿರವೂ ಇರಬೇಕಲ್ಲ, ಒಮ್ಮೆ ಕೊಡಿ ಅಂದ. ತಮ್ಮ ಪಟ್ಟಿಯ ಮೇಲೆ ಇಬ್ಬರಿಗೂ ಹೆಮ್ಮೆ. ಜೇಬಿನಿಂದ ತೆಗೆದು ಕೊಟ್ಟರು. ಕಂಡಕ್ಟರ್ ಬೆರಳಿಗೆ ಎಂಜಲು ಹಚ್ಚಿಕೊಂಡು ಟಿಕೀಟು ಎಣಿಸಿದ ಹಾಗೆ ಹೆಸರು ಎಣಿಸಿದ. ದುಂಡೇಶನ ಪಟ್ಟಿಯಲ್ಲಿ ಇನ್ನೂರಾ ತೊಂಬತ್ತೊಂದು. ಶಾಂತಿನಾಥನ ಪಟ್ಟಿಯಲ್ಲಿ ಮುನ್ನೂರಾ ನಾಲ್ಕು.

"ಬಿದ್ದ ವೋಟು ಎಲ್ಲಾ ಕೂಡಿ ನಾಕನೂರಾ ಹದಿನಾಕು. ಆಣಿ ಐದನೂರಾ ತೊಂಬತ್ತೈದು. ಬಸ್ಸಿನ್ಯಾಗ ಕುಂತ ಮಂದಿಗಿಂತ ಟಿಕೀಟ ಭಾಳ ಹರದಾವಲ್ರಿ" ಅಂದ ನಾಮದೇವ. "ಕಾಡಸಿದ್ದ ಒಬ್ಬನ ಹರದದ್ದಲ್ಲ ಇವು. ಉಳದಾವ್ರು ಯಾರ್ಯಾರು, ಹೆಸರ ಓದ್ಲೇನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಎಲ್ಲರೂ ಹಣೆ ಮುಟ್ಟಿ ನೋಡಿಕೊಂಡರು. ಒಬ್ಬನಿಗೆ ಆಕಳು ಬಿಚ್ಚುವುದು ನೆನಪಾಯಿತು, ಇನ್ನೊಬ್ಬನಿಗೆ ಕರೆಂಟು ಬರುವ ಹೊತ್ತಾಯಿತು, ಮತ್ತೊಬ್ಬನಿಗೆ ಇದ್ದಕ್ಕಿದ್ದಂತೆ ಹೊಟ್ಟೆ ನುಲಿಯಿತು. ಹತ್ತು ನಿಮಿಷದಲ್ಲಿ ಗುಡಿಯ ಅಂಗಳ ಗುಡಿಸಿದ ಹಾಗಾಯಿತು. ಹೆಸರು ಓದುವ ಪ್ರಸಂಗ ಬರಲಿಲ್ಲ.

ದುಂಡೇಶ ತಲೆ ತಗ್ಗಿಸಿ ಅತ್ತೆಯ ಕಾಲು ಮುಟ್ಟಿದ. ವಿರುಪಾಕ್ಷಪ್ಪನನ್ನು ನೋಡಿ ಮಾತ್ರ ಉಳಿದ ನಾಲ್ಕು ಮಂದಿಗೆ ಆಶ್ಚರ್ಯವಾಯಿತು. ಹೆಂಡತಿ ತನಗೆ ಹಾಕಿಲ್ಲ ಅಂತ ಊರಿಗೆಲ್ಲ ಗೊತ್ತಾದರೂ ಅವನ ಮುಖ ಬಾಡಿರಲಿಲ್ಲ. ಕಾಡಸಿದ್ದನ ಭುಜದ ಮೇಲೆ ಕೈಯಿಟ್ಟು ಒಮ್ಮೆ ಒತ್ತಿ, ಹೆಂಡತಿಯನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ನಗುನಗುತ್ತಲೇ ಹೋದ.

ಮಾಡಿದ್ದುಣ್ಣೋ ಮಹರಾಯ ಅನ್ನುವ ಮಾತು ಸುಳ್ಳಾಗಬಾರದಲ್ಲ. ಮರುದಿನ ಕಾಡಸಿದ್ದನ ಹೊಲದ ಪೈಪಿನಲ್ಲಿ ನೀರು ಬರಲಿಲ್ಲ. ಡೇರಿಯಲ್ಲಿ ಅವನ ಹಾಲಿನ ಡಿಗ್ರಿ ಒಮ್ಮೆಲೆ ಇಳಿಯಿತು, ಜೊತೆಗೆ ದರವೂ ಇಳಿಯಿತು. ಎಮ್ಮೆ ಅದೇ, ಮೇವು ಅದೇ, ಆದರೆ ಅಳೆಯುವ ಕೊಳವೆಗೆ ರಾಜಕೀಯ ತಾಗಿತ್ತು. ಮೂರು ದಿನ ಕಾಡಸಿದ್ದ ಬಾಡುವ ಕಬ್ಬಿನ ಬದುವಿನ ಮೇಲೆ ಕೂತು ತನ್ನ ನಾಲಿಗೆಯನ್ನು ತಾನೇ ಬೈದುಕೊಂಡ. ಗಂಗಾ ಒಂದು ಮಾತೂ ಆಡಲಿಲ್ಲ. ಬೈಯುವ ಹೆಂಡತಿ ಬೈಯದೆ ಇದ್ದದ್ದು ಅವನಿಗೆ ಇನ್ನೂ ಹೆದರಿಕೆ ಹುಟ್ಟಿಸಿತು.

ನಾಲ್ಕನೆಯ ದಿನ ತುಳಸವ್ವ ದುಂಡೇಶನ ಮನೆಗೆ ನಡೆದುಕೊಂಡು ಹೋದಳು. ಪಂಚಮಿಗೆ ನಾನು ಬರಬೇಕೆಂದರೆ ಮೊದಲು ಕಾಡಸಿದ್ದನ ಕಬ್ಬಿಗೆ ನೀರು ಹೋಗಬೇಕು ಅಂತ ಹೊಸ್ತಿಲಾಚೆ ನಿಂತೇ ಹೇಳಿದಳು. ಸಂಜೆಗೆ ಪೈಪು ಗುಳುಗುಳು ಅಂದಿತು. ಅತ್ತ ಶಾಂತಿನಾಥನಿಗೂ ಮೆಂಬರಿಕೆಯ ನಿದ್ದೆ ಹತ್ತಿರಲಿಲ್ಲ. ಚೀಟಿ ಒಂದು ಸಲ ಬರುತ್ತದೆ, ಪ್ರತಿ ಸಲ ಬರುತ್ತದೆಯೆ? ಬಕೀಟಿನ ಆ ಎರಡು ವೋಟು ಮುಂದಿನ ಸಲ ಎಲ್ಲಿ ಬೀಳುತ್ತವೋ ಅದರ ಮೇಲೆ ತನ್ನ ಕುರ್ಚಿ. ಹಾಲಿನ ಡಿಗ್ರಿ ತಾನಾಗಿ ಮೇಲೆ ಏರಿತು. ಅಷ್ಟೇ ಅಲ್ಲ, ಪಂಚಾಯಿತಿಯ ಮೊದಲ ಸಭೆಯಲ್ಲೇ ಹೊಸ ಮೆಂಬರು ಎದ್ದು ನಿಂತು, ದನದ ದವಾಖಾನೆಗೆ ಒಂದು ಕಬ್ಬಿಣದ ಚೌಕಟ್ಟು ಬೇಕು ಅಂತ ಬರೆದುಕೊಟ್ಟ. ಹೊರಗೆ ಕೂತಿದ್ದ ದುಂಡೇಶ ಸುದ್ದಿ ತಿಳಿದು, ಅದಕ್ಕೆ ಕಾಂಕ್ರೀಟು ನನ್ನದು ಅಂದ. ಏಳು ಅರ್ಜಿಯಿಂದ ಅಲುಗದ ಕೆಲಸ ಎರಡು ವೋಟಿನಿಂದ ಅಲುಗಿತು.

ಚೌಕಟ್ಟಿನ ಕಬ್ಬಿಣ ದವಾಖಾನೆಯ ಮುಂದೆ ಬಂದು ಬಿದ್ದ ದಿನ ಬೆಳಿಗ್ಗೆ ವಿರುಪಾಕ್ಷಪ್ಪ ಸ್ಕೂಟರ್ ಹತ್ತಿ ಕಾಡಸಿದ್ದನ ಗೋದಲಿಗೆ ಬಂದ. ಗಂಗಾ ಎಮ್ಮೆಯ ಕೆಳಗೆ ಕೂತು ಹಾಲು ಕರೆಯುತ್ತಿದ್ದಳು. ವಿರುಪಾಕ್ಷಪ್ಪ ಕಲ್ಲಿನ ಮೇಲೆ ಕೂತು, ಸ್ವಲ್ಪ ಹೊತ್ತು ಎಮ್ಮೆಯ ಬೆನ್ನು ಸವರಿ, ಆಮೇಲೆ ಮೆಲ್ಲಗೆ ಮಾತು ತೆಗೆದ.

"ಕಾಡಸಿದ್ದ, ಒಂದ್ ಲೆಕ್ಕ ತಿಳಿವಲ್ದು ನೋಡಪಾ. ನನಗ ಬಿದ್ದದ್ದು ಎಲ್ಡ ವೋಟು. ಒಂದ ನಿಂದು. ಇನ್ನೊಂದ ಯಾರ್ದು?"

"ನಿಮ್ದ ಅಲ್ರಿ ಸಾಹೇಬ್ರ?"

"ನಂದಲ್ಲ. ನಾ ದುಂಡೇಶಗ ಹಾಕೀನಿ."

ವಿರುಪಾಕ್ಷಪ್ಪ ಬಿಡಿಸಿ ಹೇಳಿದ. ದುಂಡೇಶ ಮೊಟ್ಟಮೊದಲು ಭಂಡಾರ ಹಿಡಿದುಕೊಂಡು ಬಂದದ್ದೇ ಅವರ ಮನೆಗೆ. ಆಗ ತಾನು ನಿಲ್ಲುತ್ತೇನೆ ಅಂತ ಕನಸಿನಲ್ಲೂ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಮುಟ್ಟಿ ಮಾತು ಕೊಟ್ಟರು. ಆಮೇಲೆ ಚೌಕಟ್ಟಿನ ದೆಸೆಯಿಂದ ನಾಮಪತ್ರ ತುಂಬಿದ್ದಾಯಿತು, ಆದರೆ ಕೊಟ್ಟ ಮಾತು ಎಲ್ಲಿ ಹೋಗುತ್ತದೆ? ಅವರು ಮಾತು ಉಳಿಸಿಕೊಂಡರು. ಐನೂರಾ ತೊಂಬತ್ತೈದು ಆಣೆಗಳ ಆ ಊರಿನಲ್ಲಿ, ಎದುರಾಳಿಗೆ ಕೊಟ್ಟ ಮಾತು ನಡೆಸಿದ ಅಭ್ಯರ್ಥಿ ಇವನೊಬ್ಬನೇ. ಫಲಿತಾಂಶ ಬಂದಾಗ, ಎರಡರಲ್ಲಿ ಒಂದಾದರೂ ಹೆಂಡತಿಯದು ಅಂದುಕೊಂಡು ಮಲ್ಲಿಗೆ ತಂದ. ಗುಡಿಯಲ್ಲಿ ಕಾಡಸಿದ್ದ ಎದ್ದಾಗಲೂ ಇನ್ನೊಂದು ಅವಳದೇ ಅಂತ ಖುಷಿಯಲ್ಲೇ ಇದ್ದ. ಮನೆಗೆ ಹೋದ ಮೇಲೆ ತುಳಸವ್ವ ಇದ್ದದ್ದು ಹೇಳಿದಳು. ನಾನೂ ಅವನಿಗೇ ಹಾಕಿದ್ದೇನೆ ಅಂತ ಇವನೂ ಹೇಳಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

"ಅದಿರ್ಲಿ. ಆ ಇನ್ನೊಂದ ವೋಟ ಯಾರ್ದು, ಅವ್ರ ಮನಿಗೊಮ್ಮೆ ಹೋಗಿ ಕೈ ಮುಗದ ಬರಬೇಕಾಗೈತಿ" ಅಂದ ವಿರುಪಾಕ್ಷಪ್ಪ.

ಬಕೀಟಿನಲ್ಲಿ ಬೀಳುತ್ತಿದ್ದ ಹಾಲಿನ ಸದ್ದು ನಿಂತಿತ್ತು. ಕಾಡಸಿದ್ದ ತಿರುಗಿ ನೋಡಿದ. ಗಂಗಾ ಎಮ್ಮೆಯ ಹೊಟ್ಟೆಗೆ ಹಣೆಯೊತ್ತಿಕೊಂಡು ಕೂತಿದ್ದಳು. ಗುಡಿಯಲ್ಲಿ ಅವಳು ಎದ್ದು ನಿಂತದ್ದು, ಬೈಯದೆ ಸುಮ್ಮನಿದ್ದದ್ದು, ಸಾರಿನ ಉಪ್ಪು, ಎಲ್ಲ ಒಂದೇ ಸಲಕ್ಕೆ ಅವನಿಗೆ ಅರ್ಥವಾಯಿತು.

"ಹೊಳ್ಯಾಗ ಹುಣಸಿಹಣ್ಣ ಅಂದಿದ್ದೆಲ್ಲ ನೀ?" ಅಂದ.

"ನಿಮಗ ಹೇಳೂದೂ ಊರಾಗ ಡಂಗುರ ಹೊಡಿಯೂದೂ ಎರಡೂ ಒಂದ. ಅದಕ್ಕ ಅಂದಿದ್ದೆ." ಗಂಗಾ ಮುಖ ಎತ್ತಲಿಲ್ಲ. "ನನ್ನ ಕಡಿಂದ ಯಾರೂ ಭಂಡಾರ ಮುಟ್ಟಿಸಿರಲಿಲ್ರಿ. ಗಂಡಸರ ಮುಟ್ಟಿದ್ರ ಮನಿ ವೋಟೆಲ್ಲ ಬಂದಂಗ ಅಂತ ಬರ್ಕೊಂಡ ಹ್ವಾದ್ರು. ನನ್ನ ವೋಟು ಬಿಚ್ಚಿದ ಆಕಳ ಹಂಗ ಆರಾಮ ಇತ್ತು."

"ಆದ್ರ ನಾ ಗೆಲ್ಲಂಗಿಲ್ಲ ಅಂತ ಗೊತ್ತಿತ್ತಲ್ಲವಾ ತಂಗಿ ನಿನಗ" ಅಂದ ವಿರುಪಾಕ್ಷಪ್ಪ.

"ಗೊತ್ತಿತ್ರಿ. ಈ ಎಮ್ಮಿ ಕರಾ ಅಡ್ಡ ಸಿಕ್ಕೊಂಡ ದಿನ, ಇದು ಉಳಿಯಂಗಿಲ್ಲ ಅಂತ ನಿಮಗೂ ಗೊತ್ತಿತ್ತು. ಗೆಲ್ತೈತೋ ಸೋಲ್ತೈತೋ ಅಂತ ಕೇಳಿ ನೀವು ಕೈ ಹಾಕಲಿಲ್ಲಲ್ರಿ."

ವಿರುಪಾಕ್ಷಪ್ಪ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಎದುರಿಗೆ ಗೂಟಕ್ಕೆ ಕಟ್ಟಿದ್ದ ಆ ಎರಡು ವರ್ಷದ ಕಡಸು ಮೇವಿಗಾಗಿ ಕೂಗಿತು. ಎದ್ದು ಸ್ಕೂಟರಿನ ಹತ್ತಿರ ಹೋದವನು ತಿರುಗಿ ನಿಂತು, ಹಂಗಾದ್ರ ಮುಂದಿನ ಸಲಾನೂ ನಿಲ್ಲಲೇನೋ ಕಾಡಸಿದ್ದ ಅಂತ ಕೇಳಿದ.

ಕಾಡಸಿದ್ದನ ಬಾಯಿ ಅಭ್ಯಾಸದಂತೆ ಹೂಂ ಅನ್ನಲು ತೆರೆಯಿತು. ಆದರೆ ಹುಟ್ಟಿದಾಗಿನಿಂದ ಮೊದಲ ಸಲ ಅವನು ಅದನ್ನು ಅಲ್ಲಿಯೇ ತಡೆದು, ಒಂದಿಷ್ಟು ವಿಚಾರ ಮಾಡಿದ.

"ನಿಮ್ಮ ವೋಟ ನಿಮಗ ಹಾಕ್ಕೊಳ್ಳಾವ್ರಿದ್ರ ನಿಲ್ರಿ ಸಾಹೇಬ್ರ. ಇಲ್ಲಾಂದ್ರ ಬ್ಯಾಡ್ರಿ" ಅಂದ.

ಗಂಗಾ ಎಮ್ಮೆಯ ಹೊಟ್ಟೆಯ ಮರೆಯಲ್ಲೇ ನಕ್ಕಳು. ಬಕೀಟಿನಲ್ಲಿ ಹಾಲಿನ ಸದ್ದು ಮತ್ತೆ ಶುರುವಾಯಿತು.